ಅಂಗಸಂಸ್ಥೆಯಲ್ಲಿ ಹಾಕಿದ ಹಣ: ಅಸಲಿಗೇ ಬರೆಯಬೇಕೇ, ಬೆಳೆಸಿ ಬರೆಯಬೇಕೇ?

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಬೇಳೆ ಮಿಲ್ಲು. ಹೊರಗೆ ಲಾರಿಯಿಂದ ತೊಗರಿ ಚೀಲ ಇಳಿಯುತ್ತಿವೆ. ಒಳಗೆ ಸಾಹುಕಾರರು ಎರಡು ವರ್ಷದ ಬ್ಯಾಲೆನ್ಸ್ ಶೀಟ್‌ಗಳನ್ನು ಪಕ್ಕಪಕ್ಕದಲ್ಲಿ ಹಾಸಿಕೊಂಡು ಒಂದೇ ಸಾಲಿನ ಮೇಲೆ ಬೆರಳಿಟ್ಟು ಕುಳಿತಿದ್ದಾರೆ. ಅಂಗಸಂಸ್ಥೆಯಲ್ಲಿ ಹೂಡಿಕೆ, 2,40,00,000 ರೂಪಾಯಿ. ಹೋದ ವರ್ಷವೂ ಅಷ್ಟೇ, ಈ ವರ್ಷವೂ ಅಷ್ಟೇ. "ಸರ್, ಬ್ಯಾಂಕಿನಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬೆಳೆಯುತ್ತಿತ್ತು. ಇದೇನು, ಶಹಾಬಾದ್ ಕಲ್ಲಿನ ಮೇಲೆ ಕೆತ್ತಿಸಿದ ಹಾಗಿದೆಯಲ್ಲ?"

ಆ ಎರಡು ಕೋಟಿ ನಲವತ್ತು ಲಕ್ಷಕ್ಕೆ ಅವರು ಕೊಂಡದ್ದು ಹುಮನಾಬಾದಿನ ಪಶು ಆಹಾರ ಕಂಪನಿಯೊಂದರ ಶೇ 80ರಷ್ಟು ಷೇರು. ಹಾಗಾಗಿ ಅದು ಅಂಗಸಂಸ್ಥೆ, ಇವರ ಮಿಲ್ಲಿನ ಕಂಪನಿ ಅದರ ಮಾತೃಸಂಸ್ಥೆ. ಮಿಲ್ಲಿನ ಹೊಟ್ಟು, ನುಚ್ಚು ಅಲ್ಲಿಗೇ ಹೋಗುತ್ತದೆ. ಉಳಿದ ಶೇ 20 ಅವರ ಭಾವನ ಹೆಸರಿನಲ್ಲಿದೆ. ಒಬ್ಬ ಲೆಕ್ಕಿಗರು "ಅಸಲು ಬೆಲೆ ಮುಟ್ಟಬೇಡಿ" ಎಂದಿದ್ದರು. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ "ಅಮೆರಿಕದ ಪುಸ್ತಕದಲ್ಲಿ ಈಕ್ವಿಟಿ ವಿಧಾನ ಅಂತ ಇದೆ, ಲಾಭದ ಪಾಲು ಸೇರಿಸುತ್ತಾ ಹೋಗಬಹುದು" ಎಂದಿದ್ದ. ಮೂರನೆಯವರೊಬ್ಬರು ಈಗಿನ ಮಾರುಕಟ್ಟೆ ಬೆಲೆ ಹಾಕಿಸಿ ಎಂದಿದ್ದರು. ಮೂವರೂ ಸುಳ್ಳು ಹೇಳಿದವರಲ್ಲ. ಆದರೆ ಮೂವರೂ ಬೇರೆ ಬೇರೆ ಕಂಪನಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡಿದ್ದರು. ಇಂಥದೇ ಪ್ರಶ್ನೆ ಹಿಡಿದು ಬರುವವರು ವರ್ಷಕ್ಕೆ ನಾಲ್ಕಾರು ಮಂದಿ ಇದ್ದಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ಬದಲಿಸಿದ್ದೇನೆ.

ಯಾವುದರಿಂದ ಅಳೆಯುವುದು

ವಿಧಾನ ಆರಿಸುವ ಮೊದಲು ನಾಲ್ಕು ಮಾತು ಇತ್ಯರ್ಥವಾಗಬೇಕು. ಮೊದಲನೆಯದು, ನಿಮ್ಮ ಕಂಪನಿಗೆ ಕಾನೂನು ಯಾವ ಬಾಗಿಲು ತೆರೆದಿದೆ ಎಂಬುದು. ಎರಡನೆಯದು, ಆ ಸಾಲನ್ನು ಓದುವವರು ಯಾರು: ಬ್ಯಾಂಕಿನವರೋ, ತೆರಿಗೆಯವರೋ, ಮನೆಯ ಪಾಲುದಾರರೋ. ಮೂರನೆಯದು, ಪ್ರತಿ ವರ್ಷ ಎಷ್ಟು ಕೆಲಸ, ಎಷ್ಟು ಖರ್ಚು. ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಅಂಗಸಂಸ್ಥೆಗೆ ಕೆಟ್ಟ ವರ್ಷ ಬಂದಾಗ ಈ ವಿಧಾನ ನಿಜ ಹೇಳುತ್ತದೆಯೋ, ಮುಚ್ಚಿಡುತ್ತದೆಯೋ? ಲಾಭದ ವರ್ಷದಲ್ಲಿ ಎಲ್ಲ ವಿಧಾನಗಳೂ ಚೆಂದವೇ.

ಮೊದಲನೆಯ ಮಾತಿನಲ್ಲೇ ಅರ್ಧ ಗೊಂದಲ ಹರಿಯುತ್ತದೆ. ನಮ್ಮ ದೇಶದಲ್ಲಿ ಕಂಪನಿಗಳಿಗೆ ಎರಡು ಬಗೆಯ ಲೆಕ್ಕ ಮಾನದಂಡಗಳಿವೆ. ಷೇರುಪೇಟೆಯಲ್ಲಿರುವ ಕಂಪನಿಗಳು (ಸಣ್ಣ, ಮಧ್ಯಮ ಕಂಪನಿಗಳ ಎಸ್‌ಎಂಇ ವೇದಿಕೆಯವನ್ನು ಬಿಟ್ಟು), ನಿವ್ವಳ ಸಂಪತ್ತು 250 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಇಂಡ್ ಎಎಸ್ (ಇಂಡಿಯನ್ ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್) ಅನುಸರಿಸಬೇಕು. ಇಂಥವುಗಳ ಮಾತೃಸಂಸ್ಥೆ, ಅಂಗಸಂಸ್ಥೆ, ಸಹವರ್ತಿ ಕಂಪನಿಗಳಿಗೂ ಅದೇ ಕಟ್ಟು. ಉಳಿದವರೆಲ್ಲ ಹಳೆಯ ಎಎಸ್ (ಅಕೌಂಟಿಂಗ್ ಸ್ಟ್ಯಾಂಡರ್ಡ್ಸ್) ದಾರಿಯಲ್ಲಿದ್ದಾರೆ, 2021ರ ಕಂಪನಿಗಳ ಲೆಕ್ಕ ಮಾನದಂಡ ನಿಯಮಗಳ ಅಡಿಯಲ್ಲಿ. ವಾಡಿ, ಸೇಡಂ ಕಡೆಯ ದೊಡ್ಡ ಸಿಮೆಂಟ್ ಕಾರ್ಖಾನೆಗಳ ಹಿಂದಿರುವ ಸಂಸ್ಥೆಗಳದ್ದು ಮೊದಲ ದಾರಿ. ಕಪನೂರಿನ ಮಿಲ್ಲುಗಳಲ್ಲಿ ಬಹುಪಾಲು ಎರಡನೆಯ ದಾರಿಯವು. ಆದರೆ ಯಾದಗಿರಿಯ ಕಡೇಚೂರಿನಲ್ಲಿ ನಿಮ್ಮದೊಂದು ಸಣ್ಣ ಕಂಪನಿ ಇದೆ, ಅದರ ಶೇ 51ನ್ನು ಷೇರುಪೇಟೆಯಲ್ಲಿರುವ ಗುಂಪೊಂದು ಕೊಂಡಿತು ಎಂದಿಟ್ಟುಕೊಳ್ಳಿ. ನಿಮ್ಮ ಗಾತ್ರ ಎಷ್ಟೇ ಇರಲಿ, ಇನ್ನು ಮುಂದೆ ನೀವೂ ಇಂಡ್ ಎಎಸ್ ಮನೆಯ ಸೊಸೆ.

ಎಎಸ್‌ನಲ್ಲಿರುವವರು ಮನಸ್ಸು ಮಾಡಿ ಇಂಡ್ ಎಎಸ್‌ಗೆ ಹೋಗಬಹುದು. ಆದರೆ ಹೋದವರು ಹಿಂದಿರುಗುವಂತಿಲ್ಲ. ಹೂಡಿಕೆಯ ಒಂದು ಸಾಲು ದಪ್ಪವಾಗಿ ಕಾಣಲಿ ಎಂದು ಇಡೀ ಲೆಕ್ಕದ ಮನೆ ಬದಲಿಸುವುದು ಬೇಡ.

ಅಸಲು ಬೆಲೆ

ಹೂಡಿಕೆಗಳ ಮಾನದಂಡವಾದ ಎಎಸ್ 13ರ ಪ್ರಕಾರ ದೀರ್ಘಾವಧಿ ಹೂಡಿಕೆ ಕೊಂಡ ಬೆಲೆಯಲ್ಲೇ ಇರುತ್ತದೆ. ದಲಾಲಿ, ಶುಲ್ಕ, ಸುಂಕ ಎಲ್ಲ ಸೇರಿ ಆದದ್ದು ಅಸಲು. ಬೆಲೆ ತಾತ್ಕಾಲಿಕವಲ್ಲದ ರೀತಿಯಲ್ಲಿ ಕುಸಿದರೆ ಮಾತ್ರ ಇಳಿಸಬೇಕು, ಕಾರಣ ನೀಗಿದರೆ ಮತ್ತೆ ಏರಿಸಬಹುದು. ಅಂಗಸಂಸ್ಥೆ ಎಷ್ಟು ಗಳಿಸಿತು ಎಂಬುದು ಮಾತೃಸಂಸ್ಥೆಯ ಸ್ವಂತ ಪುಸ್ತಕಕ್ಕೆ ಬರುವುದು ಲಾಭಾಂಶ ಘೋಷಣೆಯಾದಾಗ ಮಾತ್ರ. ಕೆಲಸ ಕಡಿಮೆ, ಖರ್ಚು ಇಲ್ಲವೆನ್ನುವಷ್ಟು, ವಾದಕ್ಕೆ ಆಸ್ಪದವೂ ಕಡಿಮೆ. ತೆರಿಗೆಗೂ ಇದೇ ಹೊಂದುತ್ತದೆ, ಏಕೆಂದರೆ ನಾಳೆ ಷೇರು ಮಾರಿದರೆ ತೆರಿಗೆಯವರು ಕೇಳುವುದು ನೀವು ಕೊಟ್ಟ ಹಣವನ್ನು, ಪುಸ್ತಕದಲ್ಲಿ ಬರೆದ ಮೌಲ್ಯವನ್ನಲ್ಲ.

ಆದರೆ ನಾಲ್ಕನೆಯ ಅಳತೆಗೋಲು ಹಿಡಿದು ನೋಡಿ. ಸಾಹುಕಾರರ ಪಶು ಆಹಾರ ಕಂಪನಿಯನ್ನು ಕೊಂಡ ದಿನ ಅದರ ನಿವ್ವಳ ಆಸ್ತಿ ಪುಸ್ತಕದ ಪ್ರಕಾರ 2 ಕೋಟಿ 50 ಲಕ್ಷ. ಮೊದಲ ವರ್ಷ ಅದಕ್ಕೆ 50 ಲಕ್ಷ ಲಾಭ. ಆ ಲಾಭದಲ್ಲಿ 20 ಲಕ್ಷ ಲಾಭಾಂಶ ಕೊಡುವುದೆಂದು ವಾರ್ಷಿಕ ಸಭೆ ತೀರ್ಮಾನಿಸಿದ್ದು ಮಾರ್ಚ್ 31 ದಾಟಿ, ಸೆಪ್ಟೆಂಬರಿನಲ್ಲಿ. ಲಾಭಾಂಶ ಕೇಳುವ ಹಕ್ಕು ಹುಟ್ಟುವುದು ಆ ಸಭೆಯಲ್ಲಿ. ಹಾಗಾಗಿ ಮಾತೃಸಂಸ್ಥೆಯ ಪಾಲಿನ 16 ಲಕ್ಷ ಬಂದು ಕುಳಿತದ್ದು ಎರಡನೇ ವರ್ಷದ ಲೆಕ್ಕದಲ್ಲಿ. ಆ ಎರಡನೇ ವರ್ಷ ಅಂಗಸಂಸ್ಥೆಗೆ ಆದದ್ದು 45 ಲಕ್ಷ ನಷ್ಟ.

ಈಗ ಮಾತೃಸಂಸ್ಥೆಯ ಲಾಭ-ನಷ್ಟ ಖಾತೆ ಓದಿ. ಅಂಗಸಂಸ್ಥೆ 50 ಲಕ್ಷ ಗಳಿಸಿದ ವರ್ಷ ಅಲ್ಲಿ ಸೊನ್ನೆ. ಅದು 45 ಲಕ್ಷ ಕಳೆದುಕೊಂಡ ವರ್ಷ 16 ಲಕ್ಷ ಆದಾಯ. ಕಾನೂನಿನ ಪ್ರಕಾರ ಒಂದು ಅಕ್ಷರವೂ ತಪ್ಪಿಲ್ಲ. ಹುಮನಾಬಾದಿನಲ್ಲಿ ಯಂತ್ರ ನಿಂತಿದೆ, ಕಲಬುರಗಿಯಲ್ಲಿ ಆದಾಯ ಬಂದಿದೆ. ಅಸಲು ವಿಧಾನದ ಗುಣವೂ ದೋಷವೂ ಇದೇ. ಅದು ಕೈಗೆ ಬಂದ ಹಣವನ್ನು ನಂಬುತ್ತದೆ, ಹೊಲದಲ್ಲಿ ನಿಂತ ಬೆಳೆಯನ್ನು ನಂಬುವುದಿಲ್ಲ. ಆ ಬೆಳೆ ಒಣಗಿದ್ದನ್ನೂ ತಡವಾಗಿಯೇ ಕಾಣುತ್ತದೆ.

ಇನ್ನೊಂದು ಕಡೆ ಎಡವುವವರು ಬಹಳ. ಕೊಳ್ಳುವ ಮೊದಲೇ ಅಂಗಸಂಸ್ಥೆ ಗಳಿಸಿಟ್ಟಿದ್ದ ಲಾಭದಿಂದ ಲಾಭಾಂಶ ಬಂದರೆ ಎಎಸ್ 13 ಅದನ್ನು ಆದಾಯವೆನ್ನುವುದಿಲ್ಲ. ನಿಮ್ಮದೇ ಅಸಲಿನ ಒಂದು ತುಂಡು ಹಿಂದಿರುಗಿತು ಎನ್ನುತ್ತದೆ, ಹೂಡಿಕೆಯ ಬೆಲೆಯಿಂದ ಕಳೆಯಲು ಹೇಳುತ್ತದೆ. ಏಪ್ರಿಲ್‌ನಲ್ಲಿ ಷೇರು ಕೊಂಡು ಸೆಪ್ಟೆಂಬರಿನಲ್ಲಿ ಹಳೆಯ ವರ್ಷದ ಲಾಭಾಂಶ ತೆಗೆದುಕೊಂಡ ಗೃಹಸ್ಥರೊಬ್ಬರು ಆರು ಲಕ್ಷವನ್ನು ಆದಾಯಕ್ಕೆ ಹಾಕಿಸಿ ಸಂತೋಷದಲ್ಲಿದ್ದರು. ನಾನು ಅದನ್ನು ಪೆನ್ಸಿಲಿನಲ್ಲಿ ಹೊಡೆದು ಹೂಡಿಕೆಯ ಸಾಲಿಗೆ ಬಾಣ ಎಳೆದಾಗ ಅವರ ಮುಖ ನೋಡಬೇಕಿತ್ತು. ಇಂಡ್ ಎಎಸ್‌ನಲ್ಲಿ ಈ ಭೇದವೇ ಇಲ್ಲ. ಲಾಭಾಂಶ ಹಳೆಯದಿರಲಿ, ಹೊಸದಿರಲಿ, ಲಾಭ-ನಷ್ಟ ಖಾತೆಗೇ ಹೋಗುತ್ತದೆ. ಆ ಸಡಿಲಿಕೆಗೆ ಅವರು ತೆರುವ ಬೆಲೆಯನ್ನು ಮುಂದೆ ಹೇಳುತ್ತೇನೆ.

ಕುಸಿತ ತಾತ್ಕಾಲಿಕವೋ ಶಾಶ್ವತವೋ ಎನ್ನುವುದು ಎಎಸ್‌ನವರ ಕಷ್ಟದ ಪ್ರಶ್ನೆ. ನಮ್ಮ ಕಡೆ ಒಂದು ವರ್ಷ ಮಳೆ ಕೈಕೊಟ್ಟರೆ, ತೊಗರಿಗೆ ನೆಟೆ ರೋಗ ಬಿದ್ದರೆ, ಮಿಲ್ಲುಗಳೂ ಅವುಗಳ ಬೆನ್ನಿಗಿರುವ ಪಶು ಆಹಾರ ಘಟಕಗಳೂ ಸೊರಗುತ್ತವೆ. ಮರುವರ್ಷ ಹಸನಾದರೆ ಎದ್ದು ನಿಲ್ಲುತ್ತವೆ. ಅಂಥ ಒಂದು ವರ್ಷದ ನಷ್ಟಕ್ಕೆ ಹೂಡಿಕೆಯ ಬೆಲೆ ಇಳಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಷ್ಟ ಮೂರನೇ ವರ್ಷಕ್ಕೂ ಕಾಲಿಟ್ಟರೆ, ಯಂತ್ರಕ್ಕೆ ಗಿರಾಕಿಯೇ ಹೋದರೆ, ಖಾಯಂ ಖರೀದಿದಾರ ಕೈಬಿಟ್ಟರೆ ಮಳೆಯ ನೆಪ ಸಾಲದು. ಏಕೆ ಇಳಿಸಲಿಲ್ಲ ಎಂಬುದಕ್ಕೆ ಅರ್ಧ ಪುಟದ ಟಿಪ್ಪಣಿ ಆಯಾ ವರ್ಷವೇ ಬರೆದಿಡಿ. ಲೆಕ್ಕಪರಿಶೋಧಕರು ಕೇಳಿದ ದಿನ ಹುಟ್ಟಿದ ಕಾರಣಕ್ಕೆ ತೂಕವಿರುವುದಿಲ್ಲ.

ಈಕ್ವಿಟಿ ವಿಧಾನ: ಮನೆಯೊಳಗಿನ ಕನ್ನಡಿ

ಮಗ ಹೇಳಿದ ವಿಧಾನದಲ್ಲಿ ಕೊಂಡ ಬೆಲೆಗೆ ಪ್ರತಿ ವರ್ಷ ಅಂಗಸಂಸ್ಥೆಯ ಲಾಭದಲ್ಲಿ ನಿಮ್ಮ ಪಾಲು ಸೇರುತ್ತದೆ, ನಷ್ಟದ ಪಾಲು ಕಳೆಯುತ್ತದೆ. ಲಾಭಾಂಶ ಬಂದರೆ ಅದು ಆದಾಯವಲ್ಲ, ಹೂಡಿಕೆಯಿಂದ ತೆಗೆದುಕೊಂಡ ಹಣ. ಸಾಹುಕಾರರ ಲೆಕ್ಕ ಹಾಕೋಣ. ಮೊದಲ ವರ್ಷ 2 ಕೋಟಿ 40 ಲಕ್ಷಕ್ಕೆ 50ರ ಶೇ 80, ಅಂದರೆ 40 ಲಕ್ಷ ಸೇರಿ 2 ಕೋಟಿ 80 ಲಕ್ಷ. ಎರಡನೇ ವರ್ಷ ಲಾಭಾಂಶದ 16 ಲಕ್ಷ ಹೋಯಿತು, ನಷ್ಟದ ಪಾಲು 36 ಲಕ್ಷ ಹೋಯಿತು. ಉಳಿದದ್ದು 2 ಕೋಟಿ 28 ಲಕ್ಷ.

ಇದನ್ನು ಇನ್ನೊಂದು ಕಡೆಯಿಂದ ತಾಳೆ ನೋಡಬಹುದು. ಎರಡನೇ ವರ್ಷದ ಕೊನೆಗೆ ಅಂಗಸಂಸ್ಥೆಯ ನಿವ್ವಳ ಆಸ್ತಿ 250ಕ್ಕೆ 50 ಸೇರಿ, 20 ಹಾಗೂ 45 ಕಳೆದು 235 ಲಕ್ಷ. ಅದರ ಶೇ 80 ಎಂದರೆ 188 ಲಕ್ಷ. ಕೊಳ್ಳುವಾಗ 200 ಲಕ್ಷದ ಪಾಲಿಗೆ 240 ಕೊಟ್ಟಿದ್ದರಿಂದ 40 ಲಕ್ಷ ಗುಡ್‌ವಿಲ್. ಕೂಡಿಸಿ, 228. ಎರಡು ದಾರಿಯಲ್ಲಿ ಹೋದರೂ ಒಂದೇ ಊರು. ತಾಳೆ ಬೀಳದಿದ್ದರೆ ಎಲ್ಲೋ ಒಂದು ಎಂಟ್ರಿ ತಪ್ಪಿದೆ ಎಂದೇ ಅರ್ಥ. ಈ ವಿಧಾನದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಗುಣಕ್ಕೇ.

ಆದರೂ ಮಗನಿಗೆ ನಿರಾಸೆ ಮಾಡಬೇಕಾಯಿತು. ಮಾತೃಸಂಸ್ಥೆಯ ಸ್ವಂತ ಹಣಕಾಸು ಪಟ್ಟಿಯಲ್ಲಿ ಅಂಗಸಂಸ್ಥೆಗೆ ಈಕ್ವಿಟಿ ವಿಧಾನ ಬಳಸಲು ಎಎಸ್ 13ರಲ್ಲಿ ಅವಕಾಶವಿಲ್ಲ. ಅಂತರರಾಷ್ಟ್ರೀಯ ಮಾನದಂಡವಾದ ಐಎಎಸ್ 27ರಲ್ಲಿ 2016ರಿಂದ ಅದು ಒಂದು ಆಯ್ಕೆ. ನಮ್ಮ ಇಂಡ್ ಎಎಸ್ 27 ಆ ಆಯ್ಕೆಯನ್ನು ಬೇಕೆಂದೇ ಕೈಬಿಟ್ಟಿದೆ. ಅಂತರ್ಜಾಲದಲ್ಲಿ ಸಿಗುವ ಪಾಠಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಮಾತೃಸಂಸ್ಥೆ ತನ್ನ ಒಳಪುಸ್ತಕವನ್ನು ಅಸಲು, ಭಾಗಶಃ ಈಕ್ವಿಟಿ, ಪೂರ್ಣ ಈಕ್ವಿಟಿ ಎಂದು ಮೂರು ರೀತಿಯಲ್ಲಿ ಇಡುವುದನ್ನು ಕಲಿಸುತ್ತಾರೆ. ಕೊನೆಗೆ ಹೊರಬರುವ ಕ್ರೋಡೀಕೃತ ಲೆಕ್ಕ, ಅಂದರೆ ಇಡೀ ಗುಂಪಿನ ಒಟ್ಟುಗೂಡಿಸಿದ ಲೆಕ್ಕ, ಮೂರರಲ್ಲೂ ಒಂದೇ. ಅದನ್ನು ಓದಿ ಇಲ್ಲಿ ಟ್ಯಾಲಿಯಲ್ಲಿ ಎಂಟ್ರಿ ಹಾಕಿದರೆ ಮಾರ್ಚ್‌ನಲ್ಲಿ ಎಲ್ಲವನ್ನೂ ಹಿಂದಕ್ಕೆ ತಿರುಗಿಸುವ ಕೆಲಸ ಕಾದಿರುತ್ತದೆ.

ಹಾಗೆಂದು ಎಸೆಯಬೇಡಿ. ಮುಖ್ಯ ಪುಸ್ತಕದ ಹೊರಗೆ ಎಕ್ಸೆಲ್‌ನ ಒಂದು ಹಾಳೆಯಲ್ಲಿ ವರ್ಷಕ್ಕೊಮ್ಮೆ ಈ ಲೆಕ್ಕ ಬರೆದಿಡಿ. ಅರ್ಧ ದಿನದ ಕೆಲಸ. ಪಾಲುದಾರರಿಗೆ ನಿಜ ಹೇಳಲು, ಕುಸಿತ ಶಾಶ್ವತವೇ ಎಂದು ನಿರ್ಧರಿಸಲು, ಕ್ರೋಡೀಕರಣಕ್ಕೆ ಕೂರುವಾಗ ಗುಡ್‌ವಿಲ್ ಹುಡುಕಲು ಆ ಹಾಳೆಯೇ ಆಧಾರ. ಕಾನೂನಿನ ಪ್ರಕಾರ ಈಕ್ವಿಟಿ ವಿಧಾನದ ಜಾಗ ಬೇರೆ. ಸಾಮಾನ್ಯವಾಗಿ ಶೇ 20ರಿಂದ 50ರವರೆಗೆ ಮತವಿರುವ ಸಹವರ್ತಿ ಕಂಪನಿಗಳನ್ನು ಕ್ರೋಡೀಕೃತ ಲೆಕ್ಕಕ್ಕೆ ತರುವುದು ಈ ವಿಧಾನದಲ್ಲಿ.

ಫೇರ್ ವ್ಯಾಲ್ಯೂ: ಯಾರಿಗೆ, ಏಕೆ

ಮೂರನೆಯವರು ಹೇಳಿದ ಈಗಿನ ಮಾರುಕಟ್ಟೆ ಬೆಲೆ ಎಂದರೆ ಇದೇ. ಇದು ಇಂಡ್ ಎಎಸ್‌ನವರಿಗೆ ಮಾತ್ರ ತೆರೆದ ಬಾಗಿಲು. ಇಂಡ್ ಎಎಸ್ 27ರ ಪ್ರಕಾರ ಅಂಗಸಂಸ್ಥೆಯ ಹೂಡಿಕೆಯನ್ನು ಅಸಲು ಬೆಲೆಗೆ ಬರೆಯಬಹುದು, ಇಲ್ಲವೇ ಇಂಡ್ ಎಎಸ್ 109ರ ಪ್ರಕಾರ ಫೇರ್ ವ್ಯಾಲ್ಯೂಗೆ ಬರೆಯಬಹುದು. ಒಂದು ವರ್ಗದ ಹೂಡಿಕೆಗಳಿಗೆಲ್ಲ ಒಂದೇ ವಿಧಾನ. ಏರಿದ ಅಂಗಸಂಸ್ಥೆಗೆ ಫೇರ್ ವ್ಯಾಲ್ಯೂ, ಬಿದ್ದದ್ದಕ್ಕೆ ಅಸಲು ಎಂದು ಹೆಕ್ಕುವಂತಿಲ್ಲ.

ಫೇರ್ ವ್ಯಾಲ್ಯೂನಲ್ಲೂ ಎರಡು ಕವಲು. ಏರಿಳಿತವೆಲ್ಲ ಲಾಭ-ನಷ್ಟ ಖಾತೆಯ ಮೂಲಕ ಹಾಯುವುದು ಒಂದು. ಮೊದಲ ದಿನವೇ ನಿರ್ಧರಿಸಿ, ಮತ್ತೆ ಬದಲಿಸಲಾಗದಂತೆ, ಲಾಭದ ಸಾಲಿನ ಕೆಳಗೆ ಬೇರೆಯಾಗಿ ತೋರಿಸುವ ಇತರ ಸಮಗ್ರ ಆದಾಯಕ್ಕೆ ಕಳುಹಿಸುವುದು ಇನ್ನೊಂದು. ಎರಡನೆಯದರಲ್ಲಿ ಲಾಭದ ಸಾಲು ಅಲ್ಲಾಡುವುದಿಲ್ಲ, ಆದರೆ ಮುಂದೆ ಷೇರು ಮಾರಿ ಗೆದ್ದರೂ ಆ ಗೆಲುವು ಲಾಭ-ನಷ್ಟ ಖಾತೆಯಲ್ಲಿ ಎಂದೂ ಕಾಣುವುದಿಲ್ಲ.

ಷೇರುಪೇಟೆಯಲ್ಲಿಲ್ಲದ ಪಶು ಆಹಾರ ಕಂಪನಿಯ ಬೆಲೆ ಹೇಳುವವರು ಯಾರು? ಪ್ರತಿ ಮಾರ್ಚ್‌ಗೆ ಮೌಲ್ಯಮಾಪಕರು ಬರಬೇಕು, ಮುಂದಿನ ವರ್ಷಗಳ ಹಣದ ಹರಿವನ್ನು ಅಂದಾಜು ಮಾಡಬೇಕು, ಬಡ್ಡಿ ದರ ಊಹಿಸಬೇಕು, ಊಹೆಗಳನ್ನೆಲ್ಲ ಟಿಪ್ಪಣಿಯಲ್ಲಿ ಬಿಚ್ಚಿಡಬೇಕು. ತೊಗರಿ ದರ ನಾಳೆ ಏನಾಗುತ್ತದೆ ಎಂದು ಗಂಜಿನ ಅಡತಿ ಅಂಗಡಿಯಲ್ಲಿ ಜೀವಮಾನ ಕಳೆದವರೇ ಹೇಳಲಾರರು. ಅದರ ಮೇಲೆ ನಿಂತ ಪಶು ಆಹಾರದ ಐದು ವರ್ಷದ ಅಂದಾಜಿನಲ್ಲಿ ಎರಡು ದಶಮಾಂಶದ ನಿಖರತೆ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಅಷ್ಟು ಖರ್ಚು ಮಾಡಿ 70 ಲಕ್ಷ ಏರಿಕೆ ತೋರಿಸಿದಿರಿ ಎಂದುಕೊಳ್ಳಿ. ಅದನ್ನು ಹಂಚುವಂತಿಲ್ಲ. ಲಾಭಾಂಶ ಕೊಡಲು ಲಾಭ ಎಣಿಸುವಾಗ ಕೈಗೂಡದ, ಕಾಲ್ಪನಿಕ ಲಾಭವನ್ನೂ ಫೇರ್ ವ್ಯಾಲ್ಯೂ ಅಳತೆಯಿಂದಾದ ಬದಲಾವಣೆಯನ್ನೂ ಬಿಡಬೇಕು ಎಂದು ಕಂಪನಿ ಕಾಯ್ದೆ 2013ರ 123ನೇ ಕಲಂ ಹೇಳುತ್ತದೆ. ಬ್ಯಾಂಕಿಗೆ ತೋರಿಸೋಣ ಎಂದರೆ, ದುಡಿಯುವ ಬಂಡವಾಳದ ಸಾಲಕ್ಕೆ ನಿವ್ವಳ ಸಂಪತ್ತು ಲೆಕ್ಕ ಹಾಕುವಾಗ ಗುಂಪಿನ ಕಂಪನಿಗಳಲ್ಲಿ ಹಾಕಿದ ಹೂಡಿಕೆಯನ್ನು ಅವರು ಸಾಮಾನ್ಯವಾಗಿ ಕಳೆದುಬಿಡುತ್ತಾರೆ. ನೀವು ಎಷ್ಟು ಏರಿಸಿದಿರೋ ಅಷ್ಟನ್ನೂ ಕಳೆಯುತ್ತಾರೆ. ಹಾಗಾದರೆ ಇದು ಯಾರಿಗೆ? ಹೂಡಿಕೆ ಮಾಡಿ ಮಾರುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿಗೆ, ಷೇರುದಾರರು ಪ್ರತಿ ವರ್ಷ ಇಂದಿನ ಬೆಲೆ ಕೇಳುವ ಗುಂಪುಗಳಿಗೆ. ಮಿಲ್ಲು ನಡೆಸಲೆಂದು ಮಿಲ್ಲು ಕೊಂಡವರಿಗೆ ಅಲ್ಲ.

ಇಂಡ್ ಎಎಸ್‌ಗೆ ಮೊದಲ ಸಲ ಕಾಲಿಡುವವರಿಗೆ ಒಂದು ಸದವಕಾಶವಿದೆ. ಬದಲಾಗುವ ದಿನದ ಫೇರ್ ವ್ಯಾಲ್ಯೂವನ್ನಾಗಲಿ ಹಳೆಯ ಪುಸ್ತಕದ ಬೆಲೆಯನ್ನಾಗಲಿ ಅಂದಿನಿಂದ ಅಸಲು ಎಂದು ಭಾವಿಸಲು ಇಂಡ್ ಎಎಸ್ 101 ಬಿಡುತ್ತದೆ. ಒಂದೇ ಸಲ ಮೌಲ್ಯಮಾಪನ, ಆಮೇಲೆ ಅಸಲಿನ ನೆಮ್ಮದಿ. ದೊಡ್ಡ ಗುಂಪಿಗೆ ಸೇರಲಿರುವವರು ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಇಂಡ್ ಎಎಸ್‌ನಲ್ಲಿದ್ದು ಅಸಲು ವಿಧಾನ ಆರಿಸಿದವರು ತೆರುವ ಬೆಲೆಯ ಮಾತು ಹೇಳಿದ್ದೆನಲ್ಲ. ಹಳೆಯ ಲಾಭಾಂಶವನ್ನೂ ಆದಾಯವೆನ್ನಲು ಬಿಟ್ಟಿರುವ ಮಾನದಂಡ ಕಾವಲಿಗೆ, ಆಸ್ತಿಯ ಬೆಲೆ ಕುಸಿತವನ್ನು ನೋಡಿಕೊಳ್ಳುವ ಇಂಡ್ ಎಎಸ್ 36 ಅನ್ನು ನಿಲ್ಲಿಸಿದೆ. ಲಾಭಾಂಶ ಪಡೆದ ವರ್ಷ ಎರಡು ಎಚ್ಚರಿಕೆಯ ಗಂಟೆ. ಆ ಲಾಭಾಂಶ ಅಂಗಸಂಸ್ಥೆಯ ಆ ಅವಧಿಯ ಒಟ್ಟು ಸಮಗ್ರ ಆದಾಯವನ್ನು ಮೀರಿದೆಯೇ? ಹೂಡಿಕೆಯ ಪುಸ್ತಕ ಬೆಲೆ ಕ್ರೋಡೀಕೃತ ಲೆಕ್ಕದಲ್ಲಿರುವ ನಿವ್ವಳ ಆಸ್ತಿ ಮತ್ತು ಗುಡ್‌ವಿಲ್‌ಗಿಂತ ಹೆಚ್ಚಿದೆಯೇ? ನಮ್ಮ ಉದಾಹರಣೆಯಲ್ಲಿ ಎರಡೂ ಗಂಟೆ ಬಾರಿಸುತ್ತವೆ. 45 ಲಕ್ಷ ನಷ್ಟದ ವರ್ಷ 20 ಲಕ್ಷ ಲಾಭಾಂಶ, 228ರ ಎದುರು 240. ಆಗ ವಸೂಲಿಯಾಗಬಹುದಾದ ಮೊತ್ತವನ್ನು ಲೆಕ್ಕ ಹಾಕಲೇಬೇಕು. ತಾತ್ಕಾಲಿಕ ಕುಸಿತ ಎಂಬ ನೆರಳು ಅಲ್ಲಿಲ್ಲ.

ಸಾಲದ ವಿಷಯವೂ ಹಾಗೆಯೇ. ಅಂಗಸಂಸ್ಥೆಗೆ ಪೇಟೆಗಿಂತ ಕಡಿಮೆ ಬಡ್ಡಿಗೆ ಸಾಲ ಕೊಟ್ಟರೆ ಎಎಸ್‌ನಲ್ಲಿ ಅದು ಸಾಲವೇ, ಕೊಟ್ಟಷ್ಟೇ ಮೊತ್ತ. ಇಂಡ್ ಎಎಸ್‌ನಲ್ಲಿ ಬಿಟ್ಟುಕೊಟ್ಟ ಬಡ್ಡಿಯ ಇಂದಿನ ಮೌಲ್ಯ ಹೂಡಿಕೆಯ ಸಾಲಿಗೆ ಹೋಗಿ ಕೂರುತ್ತದೆ. ಅದನ್ನು ಕಂಡು "ನಾವು ಹೊಸ ಷೇರು ಕೊಳ್ಳಲೇ ಇಲ್ಲವಲ್ಲ" ಎಂದು ಬೆಚ್ಚುವವರಿದ್ದಾರೆ.

ಕ್ರೋಡೀಕರಣ ಆಯ್ಕೆಯಲ್ಲ

ಮೇಲಿನದೆಲ್ಲ ಮಾತೃಸಂಸ್ಥೆಯ ಸ್ವಂತ ಪುಸ್ತಕದ ಮಾತು. ಅಂಗಸಂಸ್ಥೆ ಇರುವ ಕಂಪನಿ, ಪ್ರೈವೇಟ್ ಲಿಮಿಟೆಡ್ ಆಗಿದ್ದರೂ, ಇಡೀ ಗುಂಪನ್ನು ಒಂದೇ ಕಂಪನಿಯೆಂದು ಬಗೆದು ಕ್ರೋಡೀಕೃತ ಹಣಕಾಸು ಪಟ್ಟಿಯನ್ನೂ ಮಾಡಬೇಕು. ಇದು ಕಾಯ್ದೆಯ 129(3)ನೇ ಕಲಂ, ಜೊತೆಗೆ ಅಂಗಸಂಸ್ಥೆಯ ಮುಖ್ಯಾಂಶ ಹೇಳುವ ಎಒಸಿ-1 ನಮೂನೆಯ ವಿವರ. ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಅಥವಾ ನಿರ್ದೇಶಕ ಮಂಡಳಿಯ ರಚನೆಯ ಮೇಲೆ ಹಿಡಿತ, ಇವೆರಡರಲ್ಲಿ ಒಂದಿದ್ದರೂ ಅದು ಅಂಗಸಂಸ್ಥೆ. ನಿಮ್ಮ ಮೇಲೂ ಒಂದು ಕಂಪನಿ ಇದ್ದು, ಅದು ಕ್ರೋಡೀಕೃತ ಲೆಕ್ಕ ಸಲ್ಲಿಸುತ್ತಿದ್ದರೆ, ನೀವು ಷೇರುಪೇಟೆಯಲ್ಲಿ ಇಲ್ಲದಿದ್ದರೆ, ಉಳಿದ ಷೇರುದಾರರಿಗೆ ಲಿಖಿತವಾಗಿ ತಿಳಿಸಿ ಅವರ ಆಕ್ಷೇಪವಿಲ್ಲದಿದ್ದರೆ ವಿನಾಯಿತಿ ಉಂಟು. ಮಾತೃಸಂಸ್ಥೆ ಪಾಲುದಾರಿಕೆ ಫರ್ಮ್ ಅಥವಾ ಎಲ್‌ಎಲ್‌ಪಿ ಆಗಿದ್ದರೆ ಈ ಕಲಂ ತಗಲುವುದಿಲ್ಲ.

ಅಸಲು ವಿಧಾನ ಮುಚ್ಚಿಟ್ಟದ್ದನ್ನು ಕ್ರೋಡೀಕರಣ ಬಯಲಿಗಿಡುತ್ತದೆ. ಎರಡನೇ ವರ್ಷ ಸ್ವಂತ ಪುಸ್ತಕದಲ್ಲಿದ್ದ 16 ಲಕ್ಷ ಆದಾಯ ಇಲ್ಲಿ ಅಳಿದುಹೋಗುತ್ತದೆ, 45 ಲಕ್ಷ ನಷ್ಟ ಪೂರ್ತಿ ಬಂದು ಕೂರುತ್ತದೆ, ಅದರಲ್ಲಿ 9 ಲಕ್ಷ ಭಾವನ ಪಾಲಿಗೆ ಹೋಗುತ್ತದೆ. ಆಸ್ತಿಯಲ್ಲಿ ಭಾವನ ಪಾಲು 47 ಲಕ್ಷ ಎಂದು ಬೇರೆ ಸಾಲು.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ವಿಶೇಷ ತೊಂದರೆ ಇದೆ. ತೊಗರಿಯ ಸುಗ್ಗಿ ಡಿಸೆಂಬರಿನಿಂದ ಫೆಬ್ರವರಿ. ಮಾರ್ಚ್ 31ಕ್ಕೆ ಎಲ್ಲ ಗೋದಾಮು ಕಂಠಮಟ್ಟ ತುಂಬಿರುತ್ತದೆ. ಮಿಲ್ಲು 8 ಲಕ್ಷದ ಹೊಟ್ಟನ್ನು ಅಂಗಸಂಸ್ಥೆಗೆ 10 ಲಕ್ಷಕ್ಕೆ ಮಾರಿದೆ, ಅರ್ಧ ಇನ್ನೂ ಹುಮನಾಬಾದಿನ ಶೆಡ್‌ನಲ್ಲೇ ಇದೆ ಎಂದರೆ, ಆ ಅರ್ಧದ ಮೇಲಿನ 1 ಲಕ್ಷ ಲಾಭ ಗುಂಪಿನ ಪಾಲಿಗೆ ಇನ್ನೂ ಹುಟ್ಟಿಲ್ಲ. ಎಡಗೈ ಬಲಗೈಗೆ ಮಾರಿದ್ದು. ಅದನ್ನು ತೆಗೆಯಬೇಕು. ಜೂನ್‌ನಲ್ಲಿ ವರ್ಷ ಮುಗಿಯುವಂತಿದ್ದರೆ ಈ ಮೊತ್ತ ಬಹಳ ಚಿಕ್ಕದಿರುತ್ತಿತ್ತು. ನಮ್ಮಲ್ಲಿ ವರ್ಷ ಮುಗಿಯುವುದೇ ರಾಶಿ ಏರಿದಾಗ. ಹಾಗಾಗಿ ಅಂಗಸಂಸ್ಥೆಗೆ ಮಾರಿದ ಮಾಲಿಗೆ ಬಿಲ್ಲಿನಲ್ಲೇ ಗುರುತು ಹಾಕಿ, ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ ಗುಂಪಿನೊಳಗಿನ ಮಾಲನ್ನು ಬೇರೆ ಬರೆಸಿ. ನವೆಂಬರಿನಲ್ಲಿ ಕುಳಿತು ಯಾವ ಚೀಲ ಎಲ್ಲಿಯದು ಎಂದು ಹಮಾಲರನ್ನು ಕೇಳಿದರೆ ಉತ್ತರ ಸಿಗುವುದಿಲ್ಲ.

ಗುಡ್‌ವಿಲ್‌ನಲ್ಲೂ ಎರಡು ಮಾನದಂಡ ಬೇರೆ ಬೇರೆ ದಾರಿ ಹಿಡಿಯುತ್ತವೆ. ಎಎಸ್ 21 ಪುಸ್ತಕದ ಬೆಲೆಯನ್ನೇ ನಂಬುತ್ತದೆ. ಇಂಡ್ ಎಎಸ್ 103 ಕೊಂಡ ದಿನ ಪ್ರತಿಯೊಂದು ಆಸ್ತಿಯ ಫೇರ್ ವ್ಯಾಲ್ಯೂ ಹುಡುಕಲು ಹೇಳುತ್ತದೆ, ಪುಸ್ತಕದಲ್ಲಿ ಇಲ್ಲದ ಬ್ರಾಂಡಿನಂಥವನ್ನೂ. ಬೇಳೆ ಕಂಪನಿ ಕೊಂಡವರೊಬ್ಬರು ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತನ್ನು ಆಸ್ತಿಯ ಪಟ್ಟಿಗೆ ಸೇರಿಸಬಹುದೇ ಎಂದು ಕೇಳಿದ್ದರು. ಅದು ಈ ನೆಲದ ಬೆಳೆಗೆ ಸಿಕ್ಕ ಗುರುತು, ಒಂದು ಕಂಪನಿಯ ಸ್ವತ್ತಲ್ಲ. ಚೀಲದ ಮೇಲೆ ಹಾಕಿಕೊಂಡ ನಿಮ್ಮದೇ ನೋಂದಾಯಿತ ಹೆಸರಾದರೆ ಮಾತು ಬೇರೆ.

ಕ್ರೋಡೀಕೃತ ಲಾಭ ನೋಡಿ ಲಾಭಾಂಶ ಕೇಳುವ ಪಾಲುದಾರರು ಎಲ್ಲ ಮನೆಯಲ್ಲೂ ಇದ್ದಾರೆ. ಲಾಭಾಂಶ ಕೊಡುವುದು ಸ್ವಂತ ಪುಸ್ತಕದ ಲಾಭದಿಂದ. ಮೊದಲ ವರ್ಷ ಗುಂಪಿನ ಲೆಕ್ಕದಲ್ಲಿ 40 ಲಕ್ಷ ನಿಮ್ಮದೆಂದು ಕಂಡರೂ, ಅಂಗಸಂಸ್ಥೆ ಲಾಭಾಂಶ ಕೊಡುವವರೆಗೆ ಅದನ್ನು ಹಂಚಲು ಬರುವುದಿಲ್ಲ. ಪಾಲುದಾರರಿಗೆ ಅದೇ ವರ್ಷ ಹಣ ಬೇಕೆಂದರೆ ಅಂಗಸಂಸ್ಥೆಯಿಂದ ಮಾರ್ಚ್ ಒಳಗೆ ಮಧ್ಯಂತರ ಲಾಭಾಂಶ ಘೋಷಿಸಿ. ಅದನ್ನು ನಿಮ್ಮ ಷೇರುದಾರರಿಗೂ ಗಡುವಿನೊಳಗೆ ದಾಟಿಸಿದರೆ, 1961ರ ಆದಾಯ ತೆರಿಗೆ ಕಾಯ್ದೆಯ 80ಎಂ ಕಲಮಿನಲ್ಲಿ ಕೊಟ್ಟಂಥ ಕಡಿತ ನಿಮಗೆ ಸಿಗುತ್ತದೆಯೇ ಎಂದು ತೆರಿಗೆ ಸಲಹೆಗಾರರನ್ನು ಅದೇ ಸಲ ಕೇಳಿ.

ನಿಮ್ಮ ಪರಿಸ್ಥಿತಿಗೆ ಯಾವುದು

ಕುಟುಂಬದ ಪ್ರೈವೇಟ್ ಕಂಪನಿ, ಒಂದೋ ಎರಡೋ ಅಂಗಸಂಸ್ಥೆ, ಎಎಸ್ ದಾರಿ: ಅಸಲು ಬೆಲೆ, ಪಕ್ಕದಲ್ಲಿ ಈಕ್ವಿಟಿ ಹಾಳೆ. ಬೇರೆ ಯೋಚನೆಯೇ ಬೇಡ. ಖರ್ಚಿಗೆ ಇಟ್ಟ ಹಣವನ್ನು ಮೌಲ್ಯಮಾಪಕರಿಗಲ್ಲ, ಕ್ರೋಡೀಕರಣ ಗೊತ್ತಿರುವ ಒಬ್ಬ ಒಳ್ಳೆಯ ಲೆಕ್ಕಿಗರಿಗೆ ಕೊಡಿ.

ಇಂಡ್ ಎಎಸ್ ಗುಂಪಿನಲ್ಲಿ ಉತ್ಪಾದನೆಯ ಕಂಪನಿ: ಇಲ್ಲೂ ಅಸಲು, ಆದರೆ ಇಂಡ್ ಎಎಸ್ 36ರ ಗಂಟೆಗಳಿಗೆ ಕಿವಿಗೊಟ್ಟು. ನಷ್ಟದ ವರ್ಷ ಲಾಭಾಂಶ ತೆಗೆಯುವ ಮೊದಲು ಎರಡು ಸಲ ಯೋಚಿಸಿ. ಹೂಡಿಕೆಯೇ ಕಸುಬಾದವರಿಗೆ ಫೇರ್ ವ್ಯಾಲ್ಯೂ. ಅದರಲ್ಲೂ ಪ್ರತಿ ವರ್ಷದ ಲಾಭದ ಸಾಲು ಕುಣಿಯುವುದು ಬೇಡವೆನ್ನುವವರು ಎರಡನೇ ಕವಲು ಹಿಡಿಯಲಿ, ಮರಳುವ ದಾರಿ ಇಲ್ಲವೆಂದು ತಿಳಿದುಕೊಂಡು.

ಇನ್ನೂ ಅಂಗಸಂಸ್ಥೆ ಮಾಡದೆ ಯೋಚಿಸುತ್ತಿರುವವರಿಗೆ ಬೇರೆಯೇ ಲೆಕ್ಕ. ಕಾಯ್ದೆಯ 2(85)ನೇ ಕಲಮಿನ ಪ್ರಕಾರ ಮಾತೃಸಂಸ್ಥೆಯೂ ಅಂಗಸಂಸ್ಥೆಯೂ ಸಣ್ಣ ಕಂಪನಿ ಎನಿಸಿಕೊಳ್ಳುವುದಿಲ್ಲ, ಗಾತ್ರ ಎಷ್ಟೇ ಚಿಕ್ಕದಿರಲಿ. ನಗದು ಹರಿವಿನ ಪಟ್ಟಿ, ವರ್ಷಕ್ಕೆ ಎರಡರ ಬದಲು ನಾಲ್ಕು ಮಂಡಳಿ ಸಭೆ ಎರಡೂ ಮನೆಗೆ ಬರುತ್ತವೆ, ಕ್ರೋಡೀಕರಣ ಮಾತೃಸಂಸ್ಥೆಗೆ ಬರುತ್ತದೆ. ಹೊರಗಿನ ಪಾಲುದಾರರಿಲ್ಲ, ಸಾಲದ ಅಪಾಯ ಬೇರೆ ಇಡಬೇಕಾದ ಕಾರಣವಿಲ್ಲ ಎಂದರೆ ಹೊಸ ಘಟಕವನ್ನು ಅದೇ ಕಂಪನಿಯ ಶಾಖೆಯಾಗಿ ನಡೆಸುವುದು ಅಗ್ಗ. ಆಗ ಈ ಬರಹದ ಯಾವ ಪ್ರಶ್ನೆಯೂ ಏಳುವುದಿಲ್ಲ.

ಇಷ್ಟೆಲ್ಲ ಕೇಳಿದ ಸಾಹುಕಾರರು 228ರ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ಎರಡನ್ನೂ ಒಂದೇ ಕಂಪನಿ ಮಾಡಿಬಿಟ್ಟರೆ?" ಎಂದರು. ದಾರಿ ಇದೆ ಎಂದೆ, 233ನೇ ಕಲಮಿನ ತ್ವರಿತ ವಿಲೀನ. ಆದರೆ ಅದಕ್ಕೆ ಒಟ್ಟು ಷೇರಿನಲ್ಲಿ ಶೇ 90 ಹೊಂದಿದ ಸದಸ್ಯರ ಒಪ್ಪಿಗೆ ಬೇಕು, ನಿಮ್ಮ ಹತ್ತಿರ ಇರುವುದು 80. ಅವರು ಬ್ಯಾಲೆನ್ಸ್ ಶೀಟ್‌ಗಳನ್ನು ಮಡಿಸಿ ಡ್ರಾಯರಿಗೆ ಹಾಕಿದರು. "ಭಾವ ಶ್ರಾವಣ ಮುಗಿದ ಮೇಲೆ ಬರುತ್ತಾನೆ," ಎಂದರು, "ಆಗ ನೀವೇ ಒಂದು ಮಾತು ಹೇಳಿ ನೋಡಿ."